ಎರೆಮಣ್ಣಿನ ಉಬ್ಬು

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳ ಜನರಿಗೆ ಎರೆಭೂಮಿಯ ಪರಿಚಯ ಹೇಳಬೇಕಾಗಿಲ್ಲ. ಹಳೆಯ ಕಲ್ಲುಗುಡಿಗಳಿಗೆ ಹೆಸರಾದ ಶಿರವಾಳದ ಸೀಮೆಯಲ್ಲಿಯೂ ಬೇಸಗೆಯಲ್ಲಿ ಈ ಮಣ್ಣು ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಹಿಡಿದೊಡನೆ ಬಿರುಕುಗಳು ಮುಚ್ಚಿ ನೆಲ ಮೇಲೇಳುತ್ತದೆ. ಜೋಳಕ್ಕೂ ಹತ್ತಿಗೂ ಹಿತವಾದ, ನೀರನ್ನು ಹಿಡಿದಿಡುವ ಈ ಗುಣವೇ ರಸ್ತೆಗೆ ಕಂಟಕ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವುಂಟು. ಅದರ ಕಣಗಳು ಅತಿ ತೆಳುವಾದ ಹಾಳೆಗಳ ಅಡಕಲು. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ. ಮಣ್ಣು ಕಿಂಚಿತ್ತೂ ಉಬ್ಬದಂತೆ ತಡೆಯಲು ಮೇಲಿನಿಂದ ಎಷ್ಟು ಒತ್ತಬೇಕೋ ಅದೇ ಅದರ ಉಬ್ಬೊತ್ತಡ. ಅರ್ಧ ಮೀಟರ್ ದಪ್ಪದ ರಸ್ತೆಯ ತೂಕ ಚದರ ಮೀಟರಿಗೆ ಸುಮಾರು 1 ಟನ್. ಉಬ್ಬೊತ್ತಡವು ಚದರ ಸೆಂಟಿಮೀಟರಿಗೆ ಕೇವಲ 1 ಕಿಲೋಗ್ರಾಂ ಇದ್ದರೂ ಚದರ ಮೀಟರಿಗೆ 10 ಟನ್ ಆಯಿತು! ಲಾರಿಯ ಭಾರವಾದರೋ ಕ್ಷಣಿಕ. ಮಣ್ಣಿನ ಒತ್ತಡ ಹಗಲಿರುಳೂ ಇರುವಂಥದು. ಬಹುಮಹಡಿಯ ಕಟ್ಟಡ ತಡೆದುಕೊಂಡೀತು. ಹಗುರವಾದ ರಸ್ತೆ ತಡೆಯಲಾರದು.

ಇದನ್ನು ಅಂದಾಜು ಮಾಡುವುದು ಹೇಗೆ? ಮೊದಲ ಪರೀಕ್ಷೆ ಬಲು ಸರಳ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಎರಡು ಅಳತೆಯ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಮತ್ತೊಂದಕ್ಕೆ ಸೀಮೆ ಎಣ್ಣೆಯನ್ನೂ ತುಂಬಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಒಂದು ದಿನದ ಬಳಿಕ ಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 18 ಮಿಲಿಲೀಟರ್ ನಿಂತಿತೆನ್ನೋಣ. ಉಬ್ಬಿನ ಸೂಚ್ಯಂಕ ಶೇಕಡಾ 80. ಐವತ್ತನ್ನು ಮೀರಿದರೆ ರಸ್ತೆ ಕಟ್ಟುವವರು ಎಚ್ಚರಗೊಳ್ಳಬೇಕು.

ಆದರೆ ಇದು ಮಣ್ಣಿನ ಸ್ವಭಾವವನ್ನು ಹೇಳುತ್ತದೆಯೇ ಹೊರತು ಬಲವನ್ನಲ್ಲ. ಬಲವನ್ನು ತಿಳಿಯಲು ಮಣ್ಣಿನ ಬಿಲ್ಲೆಯನ್ನು ಲೋಹದ ಬಳೆಯಲ್ಲಿಟ್ಟು ನೀರೂಡಿಸಿ, ಅದು ಮೇಲೇಳದಂತೆ ಭಾರವನ್ನು ಏರಿಸುತ್ತ ಹೋಗುವರು. ಈ ಬಗೆಯ ವಿಧಾನಗಳನ್ನು ಭಾರತೀಯ ಮಾನಕವು 1977ರಲ್ಲಿ ನಿಗದಿಪಡಿಸಿತು. ಒಂದೇ ಮಣ್ಣು ಬೇರೆ ಬೇರೆ ವಿಧಾನದಲ್ಲಿ ಬೇರೆ ಬೇರೆ ಒತ್ತಡ ತೋರುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಇದಕ್ಕಿಂತ ದೊಡ್ಡ ಮೋಸ ಋತುವಿನದು. ಮಳೆಗಾಲದಲ್ಲಿ ತೆಗೆದ ಮಣ್ಣು ಆಗಲೇ ನೀರುಂಡು ಉಬ್ಬಿರುತ್ತದೆ; ಅದನ್ನೇ ಅಳೆದರೆ ಒತ್ತಡ ಅಲ್ಪವೆಂದೇ ತೋರೀತು. ಅಂಥ ಲೆಕ್ಕವನ್ನು ನಂಬಿ ಬೇಸಗೆಯ ಒಣನೆಲದ ಮೇಲೆ ಹಾಕಿದ ರಸ್ತೆ ಮುಂದಿನ ಮಳೆಗೇ ಏಳಬಹುದು.

ಪರಿಹಾರವಿಲ್ಲದಿಲ್ಲ. ಮುಂಬಯಿಯ ಐಐಟಿಯ ಆರ್. ಕೆ. ಕಟ್ಟಿಯವರು ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಹಾಸುವ ಉಪಾಯವನ್ನು ರೂಪಿಸಿದರು; ನಮ್ಮ ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೆ ಬಂದಿತು. ತಕ್ಕ ಗರಸುಮಣ್ಣು ದೊರೆತರೆ ರಸ್ತೆಗೂ ಅದು ಸಲ್ಲುತ್ತದೆ. ಆದರೂ ಅಂಚುಗಳನ್ನು ಕಾಯಬೇಕು. ರಸ್ತೆಯ ನಡುವಿನ ಮಣ್ಣು ಬಹುಮಟ್ಟಿಗೆ ಒಂದೇ ಹದದಲ್ಲಿರುತ್ತದೆ. ಅಂಚಿನದು ನೆನೆಯುತ್ತ ಒಣಗುತ್ತ ಇರುತ್ತದೆ. ನಾರಾಯಣಪುರದ ಕಾಲುವೆ ನೀರು ಹರಿಯುವ ಈ ತಾಲ್ಲೂಕುಗಳಲ್ಲಿ ಒಂದು ಮಗ್ಗುಲಿಗೆ ತುಂಬಿದ ಗದ್ದೆ, ಇನ್ನೊಂದು ಮಗ್ಗುಲಿಗೆ ಬಿರಿದ ಬೀಳುನೆಲ ಇದ್ದಲ್ಲಿ, ರಸ್ತೆ ಉದ್ದಕ್ಕೂ ಸೀಳುವುದು ಸಹಜ.