ಫಿಟ್ಸ್ ಗುಳಿಗೆ ನುಂಗುವವರ ಮನೆಗೆ: ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ವರ್ಷಗಟ್ಟಲೆ ಫಿಟ್ಸ್ ಗುಳಿಗೆ ನುಂಗುತ್ತಿರುವವರೂ ಅವರ ಮನೆಮಂದಿಯೂ ಓದಬೇಕು.

ಮೊದಲು ಮಾಡಬಾರದ್ದು

ಗುಳಿಗೆ ಬಿಡಬಾರದು. ‘ಈ ಗುಳಿಗಿ ಎಲುಬು ತಿಂತಾವ’ ಎಂದು ಕಟ್ಟೆಯ ಮೇಲೆ ಯಾರೋ ಅಂದರೆಂದು ಒಂದು ಹೊತ್ತಿನದನ್ನೂ ತಪ್ಪಿಸಬೇಡಿ. ತಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಬೆನ್ನಿಗೆ ಒಂದು ಬಂದು ಜೀವಕ್ಕೇ ಕುತ್ತಾಗುತ್ತದೆ.

ಹಾಗೆಂದು ಕಟ್ಟೆಯ ಮಾತು ಪೂರಾ ಸುಳ್ಳೂ ಅಲ್ಲ. ಫೆನಿಟಾಯಿನ್, ಫಿನೊಬಾರ್ಬಿಟೋನ್, ಕಾರ್ಬಮಜೆಪಿನ್ ಈ ಮೂರೂ ಯಕೃತ್ತನ್ನು ಚುರುಕು ಮಾಡಿ, ಮೈಯಲ್ಲಿರುವ ವಿಟಮಿನ್ ಡಿ ಬೇಗ ಕರಗಿಹೋಗುವಂತೆ ಮಾಡುತ್ತವೆ. ಅದು ಸಾಲದಿದ್ದರೆ ಉಂಡ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ವರ್ಷ ಕಳೆದಂತೆ ಎಲುಬು ಮೆತ್ತಗಾಗಬಹುದು, ರಕ್ತದ ಕ್ಯಾಲ್ಸಿಯಂ ಇಳಿಯಬಹುದು. ತೀರಾ ಇಳಿದರೆ ಅದರಿಂದಲೇ ಫಿಟ್ಸ್ ಬರುವುದುಂಟು. ಇದಕ್ಕೆ ದಾರಿ ರಕ್ತ ಪರೀಕ್ಷೆ, ಮತ್ತು ವೈದ್ಯರು ಬರೆದಷ್ಟು ವಿಟಮಿನ್ ಡಿ, ಕ್ಯಾಲ್ಸಿಯಂ.

ಮಾಡಬೇಕಾದ್ದು

ಆ ಮೂರರಲ್ಲಿ ಒಂದನ್ನು ಬಹಳ ಕಾಲದಿಂದ ನುಂಗುತ್ತಿದ್ದರೆ ರಕ್ತ ಪರೀಕ್ಷೆಯ ಮಾತನ್ನು ನೀವೇ ಎತ್ತಿ. ವಯಸ್ಕರಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಆದರೆ ಆ ಒಂದು ಅಂಕಿ ನೋಡಿ ಗಾಬರಿಯಾಗಬೇಡಿ. ಅಲ್ಬುಮಿನ್ ಕಡಿಮೆಯಿದ್ದರೆ ಕ್ಯಾಲ್ಸಿಯಂ ಕೂಡ ಇಳಿದಂತೆ ಚೀಟಿಯಲ್ಲಿ ಕಾಣುತ್ತದೆ. ಮೆಗ್ನೀಸಿಯಂ ಇಳಿದಿದ್ದರೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಏರುವುದಿಲ್ಲ. ಅವನ್ನೂ ವಿಟಮಿನ್ ಡಿಯನ್ನೂ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಕೊಪ್ಪಳದಲ್ಲಿ 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ.

ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈಬೆರಳು ಸೆಟೆದು ಒಳಗೆ ಬಾಗುವುದು, ನೆಲಕ್ಕೆ ಕೂತರೆ ಏಳಲಾಗದಿರುವುದು: ಇವು ಕಂಡರೆ ಮುಂದಿನ ತಿಂಗಳ ತನಕ ಕಾಯಬೇಡಿ. ಥೈರಾಯ್ಡ್ ಆಪರೇಷನ್ ಆಗಿದ್ದರೆ ಹೇಳಲೇಬೇಕು. ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದು ಬಂದ ಫಿಟ್ಸನ್ನು ಮೂರ್ಛೆರೋಗವೆಂದೇ ತಿಳಿದು ವರ್ಷಗಟ್ಟಲೆ ಗುಳಿಗೆ ನುಂಗಿದವರಿದ್ದಾರೆ.

ಎಲುಬು, ಕೀಲು ಕೆಡಿಸಲು ಕುಷ್ಟಗಿ, ಯಲಬುರ್ಗಾ ಕಡೆಯ ಬೋರಿನ ನೀರಿನ ಫ್ಲೋರೈಡ್ ಬೇರೆ ಇದೆಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದನ್ನು ಕುಡಿಯಬಾರದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಬೆನ್ನು, ಮೊಣಕಾಲು ನೋವೆಂದು ಹೋದಾಗ ಯಾವ ನೀರು ಕುಡಿಯುತ್ತೀರಿ, ಯಾವ ಗುಳಿಗೆ ನುಂಗುತ್ತೀರಿ, ಎರಡನ್ನೂ ಹೇಳಿ.

ಊಟದ ಮಾತು. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ ಅಷ್ಟೇ, ಗಂಗಾವತಿಯ ಅಕ್ಕಿಯಲ್ಲಿ ಅಷ್ಟೂ ಇಲ್ಲ. ರಾಗಿಯಲ್ಲಿ 300 ದಾಟುತ್ತದೆ. ರೊಟ್ಟಿ ಬಿಡಬೇಕಿಲ್ಲ, ಪಕ್ಕಕ್ಕೆ ಗುರೆಳ್ಳು ಹಿಂಡಿ, ಎಳ್ಳು, ನುಗ್ಗೆ ಸೊಪ್ಪು, ಮೊಸರು ಬೀಳಲಿ.

ದುಡಿಯಲು ಗುಳೆ ಹೋಗುವವರು ಬುತ್ತಿಯ ಜೊತೆ ಎರಡು ತಿಂಗಳ ಗುಳಿಗೆಯನ್ನೂ ಹಳೆಯ ಚೀಟಿಯನ್ನೂ ಕಟ್ಟಿಕೊಳ್ಳಿ.

ಮತ್ತೆ ಮಾಡಬಾರದ್ದು

ಎಮ್ಮೆಯ ಲೆಕ್ಕ ಮನುಷ್ಯರಿಗೆ ಹಾಕಬೇಡಿ. ಈದ ಎಮ್ಮೆ ನೆಲ ಹಿಡಿದಾಗ ದನದ ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದ್ದು, ಅದು ಎದ್ದು ನಿಂತದ್ದು ನಮ್ಮ ಹಳ್ಳಿಗಳಲ್ಲಿ ಹಲವರು ಕಂಡದ್ದೇ. ಅದೇ ಭರವಸೆಯಲ್ಲಿ ‘ಒಂದು ಕ್ಯಾಲ್ಸಿಯಂ ಸೂಜಿ ಹಾಕ್ರಿ’ ಎಂದು ಓದಿಲ್ಲದ ಡಾಕ್ಟರ ಬಾಗಿಲಿಗೆ ಹೋಗಬೇಡಿ. ಬೇಗ ಬಿಟ್ಟ ಕ್ಯಾಲ್ಸಿಯಂ ಎದೆಬಡಿತವನ್ನೇ ನಿಧಾನಿಸುತ್ತದೆ. ನರದ ಹೊರಗೆ ಸೋರಿದರೆ ಅಲ್ಲಿನ ಮಾಂಸ ಸಾಯಬಹುದು. ಅದು ಆಸ್ಪತ್ರೆಯಲ್ಲಿ ಹೃದಯದ ಮೇಲೆ ಕಣ್ಣಿಟ್ಟು ಮಾಡುವ ಕೆಲಸ. ಅಷ್ಟಕ್ಕೂ ಬಹುಪಾಲು ಫಿಟ್ಸ್‌ಗೆ ಕಾರಣ ಕ್ಯಾಲ್ಸಿಯಂ ಅಲ್ಲ.

60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಚೀಟಿಯಿಲ್ಲದೆ ವಾರವಾರ ಕುಡಿಯಬೇಡಿ. ಅತಿಯಾದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ. ಕ್ಯಾಲ್ಸಿಯಂ ಗುಳಿಗೆ, ಆ್ಯಸಿಡಿಟಿ ಔಷಧ ಎರಡನ್ನೂ ಫೆನಿಟಾಯಿನ್ ಜೊತೆ ಒಂದೇ ಗುಟುಕಿಗೆ ನುಂಗಬೇಡಿ, 2ರಿಂದ 3 ಗಂಟೆ ಬಿಡಿ. ಬಸುರಿಯರು ಕಬ್ಬಿಣದ ಗುಳಿಗೆಯನ್ನೂ ಕ್ಯಾಲ್ಸಿಯಂನಿಂದ 2 ಗಂಟೆ ದೂರವಿಡಬೇಕು. ಬಸುರಾಯಿತೆಂದು ಫಿಟ್ಸ್ ಗುಳಿಗೆ ನಿಲ್ಲಿಸಬೇಡಿ. ವಾಲ್ಪ್ರೊಯೇಟ್ ನುಂಗುವವರಂತೂ ಬಸುರಿಗೆ ಮೊದಲೇ ವೈದ್ಯರನ್ನು ಕಾಣಬೇಕು, ಅದರಿಂದ ಕೂಸಿಗೆ ಅಪಾಯವಿದೆ.

ಫಿಟ್ಸ್ ಬಂದ ಹೊತ್ತಿಗೆ

ಕೈಗೆ ಕೀಲಿ ಕೊಡಬೇಡಿ, ಉಳ್ಳಾಗಡ್ಡಿ ಮೂಸಿಸಬೇಡಿ, ಬಾಯಿಗೆ ಚಮಚ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಎಳೆಗೂಸಿಗೆ ಬಂದರೆ ನಿಮಿಷ ಎಣಿಸದೆ ಹೊರಡಿ. ತಾಯಿಗೆ ವಿಟಮಿನ್ ಡಿ ಕೊರತೆಯಿದ್ದರೆ ಕೂಸಿಗೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು. ತಾಯಿ ನುಂಗುವ ಗುಳಿಗೆಯ ಚೀಟಿಯೂ ಜೊತೆಗಿರಲಿ, ಡಾಕ್ಟರು ಅದನ್ನು ಕೇಳುತ್ತಾರೆ.