ನೃತ್ಯಸೇವೆಯ ಅಂತರಾರ್ಥ

ದೇವತಾರ್ಚನೆಯಲ್ಲಿ ಛತ್ರ, ಚಾಮರ, ಗೀತ, ವಾದ್ಯಗಳೊಡನೆ ನೃತ್ಯವನ್ನೂ ಸಮರ್ಪಿಸುವ ಪದ್ಧತಿಯುಂಟು. ಆದುದರಿಂದ ನೃತ್ಯವು ನೋಡುವವರಿಗೆ ವಿನೋದವಾಗುವುದಕ್ಕಿಂತ ಮೊದಲು ಶ್ರೀಹರಿಗೆ ಸಲ್ಲುವ ಉಪಚಾರವೆಂದು ತಿಳಿಯತಕ್ಕದ್ದು. ನಮ್ಮ ಮನೆಗಳ ಮಕ್ಕಳು ಭರತನಾಟ್ಯವನ್ನು ಅಭ್ಯಸಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಅಡವುಗಳೊಡನೆ ಅವುಗಳ ಅರ್ಥವನ್ನೂ ಕಲಿಯುತ್ತಿರುವರೇ?

ನೃತ್ಯಾಭ್ಯಾಸವು ಭೂಮಿವಂದನೆಯಿಂದ ಆರಂಭವಾಗುತ್ತದೆ. ಪಾದಗಳಿಂದ ತಟ್ಟುವ ಮುನ್ನ ಭೂದೇವಿಯಲ್ಲಿ ಕ್ಷಮೆಯನ್ನು ಬೇಡುವುದೇ ಇದರ ತಾತ್ಪರ್ಯ. ಪ್ರಾತಃಕಾಲದಲ್ಲಿ ನೆಲಕ್ಕೆ ಕಾಲಿಡುವ ಮೊದಲು ನಾವು ಮಾಡುವ ಪ್ರಾರ್ಥನೆಯ ಭಾವವೂ ಇದೇ. ನಮ್ಮನ್ನು ಹೊತ್ತವಳ ಉಪಕಾರಸ್ಮರಣೆಯೇ ಮೊದಲ ಪಾಠ.

'ಅಭಿನಯ'ವೆಂದರೆ ಎದುರಿಗೆ ಕೊಂಡೊಯ್ಯುವುದು. ನರ್ತಕಿಯು ಭಗವಂತನ ಮಹಿಮೆಯನ್ನು ಸಹೃದಯರೆಡೆಗೆ ಕೊಂಡೊಯ್ಯುವವಳೇ ಹೊರತು ತಾನೇ ಕೃಷ್ಣನಲ್ಲ. ವೇಣುವಾದನದ ಮುದ್ರೆಯನ್ನು ಹಿಡಿದ ಕೈಯಲ್ಲಿ ವೇಣುವಿಲ್ಲವೆಂಬುದನ್ನು ಅವಳೂ ಬಲ್ಲಳು, ನಾವೂ ಬಲ್ಲೆವು. ಸ್ವಾಮಿ-ಭೃತ್ಯರ ಭೇದವನ್ನು ಎಂದಿಗೂ ಬಿಡದ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಬೇಕೆ? ಒಳಗಿದ್ದು ಆಡಿಸುವವನು ಬಿಂಬನಾದ ಶ್ರೀಹರಿ; ಆಡುವ ಜೀವನು ಅವನ ಅಧೀನ.

ಭಾಗವತದ ದಶಮಸ್ಕಂಧದ ಕಾಳಿಯಮರ್ದನ ಪ್ರಸಂಗವನ್ನು ನೋಡೋಣ. ಯಾವ ಹೆಡೆಯು ಬಾಗಲಿಲ್ಲವೋ ಆ ಹೆಡೆಯನ್ನೇ ಶ್ರೀಕೃಷ್ಣನು ಮೆಟ್ಟಿದನು. ಆದರೂ ಕಾಳಿಯನನ್ನು ಕೊಲ್ಲಲಿಲ್ಲ. ನಾಗಪತ್ನಿಯರ ಸ್ತುತಿಗೆ ಪ್ರಸನ್ನನಾಗಿ, ಯಮುನೆಯ ಮಡುವನ್ನು ಬಿಟ್ಟು ಸಮುದ್ರಕ್ಕೆ ತೆರಳುವಂತೆ ಆಜ್ಞಾಪಿಸಿದನು. ಹೆಡೆಗಳನ್ನು ಇಂದ್ರಿಯಗಳೆಂದು ಭಾವಿಸಿದರೆ, ಅವು ನಾಶಕ್ಕಲ್ಲ, ನಿಗ್ರಹಕ್ಕೆ ಅರ್ಹವೆಂಬ ತತ್ತ್ವವು ಸ್ಫುಟವಾಗುವುದು. ಅರೆಮಂಡಿಯಲ್ಲಿ ನಿಂತು ದೇಹವನ್ನು ತಾಳಕ್ಕೆ ಒಗ್ಗಿಸುವ ಬಾಲಕ ಬಾಲಿಕೆಯರು ಅರಿಯದೆಯೇ ಈ ನಿಗ್ರಹವನ್ನು ಕಲಿಯುತ್ತಾರೆ.

ಶ್ರೀವ್ಯಾಸರಾಜರ (1460–1539) ಕೃತಿಯೆಂದು ಪ್ರಸಿದ್ಧವಾದ 'ಕೃಷ್ಣಾ ನೀ ಬೇಗನೆ ಬಾರೊ' ಪದವು ಮದರಾಸಿನ ಟಿ. ಬಾಲಸರಸ್ವತಿಯವರ (1918–1984) ಅಭಿನಯದಿಂದ ದೇಶವಿದೇಶಗಳಲ್ಲಿ ಖ್ಯಾತಿ ಪಡೆಯಿತು. ಮಗುವನ್ನು ಕರೆಯುವ ತಾಯಿಗೆ ಅದರ ಬಾಯಲ್ಲಿ ಮೂರು ಲೋಕಗಳೂ ಕಾಣುವ ಆ ಪದದಲ್ಲಿ ವಾತ್ಸಲ್ಯವೂ ಮಾಹಾತ್ಮ್ಯಜ್ಞಾನವೂ ಕೂಡಿವೆ. ಮಾಹಾತ್ಮ್ಯಜ್ಞಾನದಿಂದ ಕೂಡಿದ ದೃಢಸ್ನೇಹವೇ ಭಕ್ತಿಯೆಂದಲ್ಲವೇ ಆಚಾರ್ಯರು ಬೋಧಿಸಿದುದು!

ರಂಗಪ್ರವೇಶದ ವೈಭವ, ಬಹುಮಾನ, ಮೊಬೈಲಿನ ಪರದೆಯ ಪ್ರಶಂಸೆ ಇವುಗಳಲ್ಲಿಯೇ ಶಿಕ್ಷಣವು ಮುಗಿದರೆ, ಉದ್ಯೋಗಕ್ಕೆ ತೆರಳಿದ ದಿನ ಗೆಜ್ಜೆಯು ಪೆಟ್ಟಿಗೆಯನ್ನು ಸೇರುವುದು. ಮನಸ್ಸಿನಲ್ಲಿ ಏನೂ ಉಳಿಯದು. ಅರ್ಥವನ್ನರಿತು ಕಲಿತವರಿಗಾದರೋ ಗೆಜ್ಜೆ ಬಿಚ್ಚಿದ ಮೇಲೂ ವಿನಯ, ಏಕಾಗ್ರತೆ, ಹರಿಸ್ಮರಣೆಗಳು ಉಳಿಯುವುವು. ಆದುದರಿಂದ ತಂದೆತಾಯಿಗಳು ಮಕ್ಕಳು ಕಲಿತ ಪ್ರತಿಯೊಂದು ಪದದ ಅರ್ಥವನ್ನು ಮನೆಯಲ್ಲಿ ಅವರಿಂದಲೇ ಹೇಳಿಸಲಿ. ವರ್ಷಕ್ಕೊಮ್ಮೆಯಾದರೂ ದೇವರ ಸನ್ನಿಧಿಯಲ್ಲಿ ಸೇವೆಯಾಗಿ ಕುಣಿಯಲು ಪ್ರೇರೇಪಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥