ಬಾವಿಕಟ್ಟೆಯ ಕರಿಕಲ್ಲು

ನೋಡವ್ವಾ, ಪಿಎಚ್‌ಡಿಗೆ ಸೀಟು ಸಿಕ್ಕಿತು ಅಂತ ಫೋನಿನಲ್ಲಿ ಹೇಳಿದೆ, ಭಾಳ ಸಂತೋಷವಾಯಿತು. ಆದರೆ ನಡುವೆ, ‘ಕಾಕಾ, ಎಣ್ಣೆಯ ಕಾಲ ಮುಗೀತಾ ಬಂತು, ಈಗ ಭೂವಿಜ್ಞಾನ ಓದಿ ಏನು ಮಾಡಲಿ?’ ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ.

ಎಣ್ಣೆ ಇರಲಿ ಹೋಗಲಿ, ಕಲ್ಲು ಎಲ್ಲಿಗೂ ಹೋಗುವುದಿಲ್ಲ. 1974ರಲ್ಲಿ ಬಾಂಬೆ ಹೈ ಸಿಕ್ಕಾಗ ನಮ್ಮ ಕ್ಲಾಸಿನವರ ಬಾಯಲ್ಲೆಲ್ಲ ಎಣ್ಣೆಯದೇ ಮಾತು. ಈಗ ಭೂಶಾಖ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹೂಳುವುದು ಅನ್ನುತ್ತಾರೆ. ಬಂಡೆಗೆ ಕೇಳುವ ಪ್ರಶ್ನೆ ಮಾತ್ರ ಹಳೆಯದೇ: ತೂತುಗಳಿವೆಯೇ, ಒಂದಕ್ಕೊಂದು ಕೂಡಿವೆಯೇ, ಮೇಲಿನ ಮುಚ್ಚಳ ಗಟ್ಟಿ ಇದೆಯೇ?

ಎರಡನೆಯದಕ್ಕೆ ವಿಜಯಪುರದ ನಮ್ಮ ಹೊಲದ ಬಾವಿಕಟ್ಟೆಯೇ ಸಾಕು. ಅಲ್ಲಿನ ಕರಿಕಲ್ಲಿಗೆ ಜೇನುಗೂಡಿನ ಹಾಗೆ ಮೈತುಂಬ ತೂತು, ಲಾವಾ ಆರುವಾಗ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು. ಒಂದು ಹನಿ ನೀರು ಬಿಡು, ಒಳಗಿಳಿಯದೆ ಅಲ್ಲೇ ಕೂತಿರುತ್ತದೆ. ತೂತಿಗೆ ತೂತು ಸೇರಿಲ್ಲ, ಕೆಲವದರಲ್ಲಂತೂ ಬಿಳಿ ಜಿಯೋಲೈಟ್ ತುಂಬಿಕೊಂಡಿದೆ. ಬಾವಿಗೆ ನೀರು ಬರುವುದು ಬಿರುಕಿನಿಂದ.

ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ, ಅಂದರೆ ನಮ್ಮ ಕರಿಕಲ್ಲಿನ ಜಾತಿಯ ಬಂಡೆಯೊಳಗೆ, ಇಳಿಸಿದರು. ಎರಡು ವರ್ಷದೊಳಗೆ ಶೇ. 95ಕ್ಕೂ ಹೆಚ್ಚು ಪಾಲು ಖನಿಜವಾಗಿ ಕಲ್ಲಾಗಿತ್ತು ಎಂದು 2016ರಲ್ಲಿ ಪ್ರಬಂಧ ಬಂತು. ಆಮೇಲೆ ದಖ್ಖನ್ನಿನ 5 ಲಕ್ಷ ಚದರ ಕಿ.ಮೀ. ಬಸಾಲ್ಟಿನಲ್ಲಿ ಎಷ್ಟು ಅನಿಲ ಹೂಳಬಹುದೆಂದು ಕ್ಯಾಲ್ಕುಲೇಟರ್ ಹಿಡಿದು ಬಂದವರು ಎಷ್ಟು ಮಂದಿ! ನೀನೂ ಲೆಕ್ಕ ಹಾಕು, ಬೇಡ ಅನ್ನುವುದಿಲ್ಲ. ಆದರೆ ಅವರದು ಎಳೆಯ ಕಲ್ಲು, ನಮ್ಮದಕ್ಕೆ 6.6 ಕೋಟಿ ವರ್ಷ, ತೂತುಗಳಲ್ಲಿ ಎಷ್ಟೋ ಎಂದೋ ಭರ್ತಿಯಾಗಿವೆ. ಮೇಲಾಗಿ ಅಲ್ಲಿ 1 ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಟ್ಯಾಂಕರಿಗೆ ಕೊಡ ಸಾಲಾಗಿಟ್ಟು ಕಾಯುವ ಊರಿನವಳು ನೀನು. ಈ ಸಂಖ್ಯೆಯನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆ, ಅನುಬಂಧಕ್ಕೆ ತಳ್ಳಬೇಡ.

ಕಂಪ್ಯೂಟರಿನಲ್ಲಿ ಮಾಡೆಲ್ ಓಡಿಸುವುದನ್ನು ನಾನೇ ನಿನ್ನಿಂದ ಕಲಿಯಬೇಕು. ಆದರೂ ಕೋರ್, ಅಂದರೆ ನೆಲ ಕೊರೆದು ತೆಗೆದ ಕಲ್ಲಿನ ಕಡ್ಡಿ, ಇಟ್ಟ ಡಬ್ಬಿಯ ಮುಂದೆ ನೆಲದ ಮೇಲೆ ಕೂರುವುದನ್ನು ಬಿಡಬೇಡ. ಒಮ್ಮೆ ನಾನು ಒಂದು ಡಬ್ಬಿಯ ಕೋರನ್ನು ತಲೆಕೆಳಗಾಗಿ ಜೋಡಿಸಿ ಆಳ ಬರೆದುಬಿಟ್ಟೆ. ಆರು ತಿಂಗಳ ಲೆಕ್ಕ ಅದಕ್ಕೇ ಚೆನ್ನಾಗಿ ಹೊಂದಿಕೊಂಡಿತು, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗುಳ್ಳೆಗಳು ಲಾವಾ ಪದರದ ತಲೆಯಲ್ಲಿ ದಟ್ಟವಾಗಿರಬೇಕು, ಇಲ್ಲಿ ಬುಡದಲ್ಲಿವೆಯಲ್ಲ ಸರ್ ಎಂದವನು ಲ್ಯಾಬಿನಲ್ಲಿ ಕಲ್ಲು ಕೊಯ್ಯುವ ಹುಡುಗ. ಅವನ ಹೆಸರು ಪ್ರಬಂಧದಲ್ಲಿ ಹಾಕಲಿಲ್ಲ. ಹಾಕಬೇಕಿತ್ತು.

ಕಂಪನಿ ದುಡ್ಡು ಕೊಟ್ಟರೆ ತಗೋ, ಮಡಿ ಮಾಡಬೇಡ. ಸಹಿ ಹಾಕುವ ಮೊದಲು, ದತ್ತಾಂಶ ಪ್ರಕಟಿಸಲು ಬಿಡುತ್ತಾರಾ ಎಂದು ಕೇಳಿ ಬರೆಸಿಕೋ. ನನ್ನ ಎರಡು ವರ್ಷದ ಕೆಲಸ ಇವತ್ತಿಗೂ ಯಾರದೋ ಕಪಾಟಿನಲ್ಲಿದೆ.

ದೀಪಾವಳಿಗೆ ಬರುವಾಗ ನಿನ್ನ ಲೆನ್ಸ್ ತಾ, ನನ್ನದು ಮಸುಕಾಗಿದೆ. ಆ ಕರಿಕಲ್ಲಿನ ಒಂದೆರಡು ತೂತಿನೊಳಗೆ ಹಸಿರು ಬಳಿದ ಹಾಗಿದೆ. ಏನೆಂದು ನೀನೇ ನೋಡಿ ಹೇಳು.